ಮೂಳೆಯ ಪುಟ್ಟಮ್ಮ

ದರ್ಜಿ ಗುಂಡಿಗಳ ಡಬ್ಬವನ್ನು ಮತ್ತೊಮ್ಮೆ ಮಂಚದ ಮೇಲೆ ಬೋರಲು ಹಾಕಿದ. ಹಿತ್ತಾಳೆಯವು, ಮರದವು, ಬಟ್ಟೆ ಸುತ್ತಿದವು, ಎಲ್ಲ ಉರುಳಿ ಹೊದಿಕೆಯ ಮಡಿಕೆಗಳಲ್ಲಿ ಸೇರಿಕೊಂಡವು. ಬೆರಳಾಡಿಸಿ ನೋಡಿದ, ಹೊದಿಕೆ ಕೊಡವಿ ನೋಡಿದ, ಮಂಡಿಯೂರಿ ಮಂಚದ ಕೆಳಗೂ ನೋಡಿದ. ಪುಟ್ಟಮ್ಮ ಇರಲಿಲ್ಲ.

ಗೋಡೆಯ ಆಚೆ ಜನ ಪಿಸುಗುಟ್ಟುವುದು, ಕುರ್ಚಿ ಎಳೆಯುವುದು ಕೇಳುತ್ತಿತ್ತು. ಹೊಲಿಗೆ ಯಂತ್ರಗಳನ್ನು ಮೂಲೆಗೆ ಸರಿಸಿ ಮಾಡಿದ ಜಾಗದಲ್ಲಿ ಅವನ ಹೆಂಡತಿಯ ಶವಪೆಟ್ಟಿಗೆ ಇತ್ತು. ಮಧ್ಯಾಹ್ನ ಮುಚ್ಚಳ ಹಾಕಿ ಹೂಳಲು ಒಯ್ಯುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ಪುಟ್ಟಮ್ಮ ಸಿಗಲೇಬೇಕಿತ್ತು.

"ಅಯ್ಯೋ, ಈ ಹೊತ್ನಲ್ಲಿ ಗುಂಡಿ ಹುಡುಕ್ತಾ ಕೂತಿದ್ದೀರಲ್ಲ!"

ಬಾಗಿಲಲ್ಲಿ ದೊಡ್ಡಕ್ಕ ನಿಂತಿದ್ದಳು. ಹೆಂಡತಿಯ ಅಕ್ಕ. ಬೆಳಿಗ್ಗೆಯಿಂದ ಮನೆಯ ಕಾರುಬಾರೆಲ್ಲ ಅವಳದೇ. ಅತ್ತೂ ಅತ್ತೂ ಮೂಗು ಕೆಂಪಾಗಿದ್ದರೂ ಯಾರಿಗೆ ಕುರ್ಚಿ ಸಿಗಲಿಲ್ಲ, ಯಾರು ಚಪ್ಪಲಿ ಬಿಡದೆ ಒಳಗೆ ಬಂದರು ಎಂಬುದನ್ನು ಮಾತ್ರ ಮರೆತಿರಲಿಲ್ಲ.

"ಈ ಡಬ್ಬದಲ್ಲಿ ಒಂದು ಬೊಂಬೆ ಇತ್ತು, ದೊಡ್ಡಕ್ಕ. ಹೆಬ್ಬೆರಳಷ್ಟು. ಮೂಳೇದು."

"ಅದಾ? ಅದನ್ನ ಅವಳ ಕೈಲೇ ಇಟ್ಟೆ."

"ಯಾರ ಕೈಲಿ?"

"ಇನ್ಯಾರ ಕೈಲಿ? ಯಾವಾಗ ಬಂದ್ರೂ ಅದನ್ನೇ ಹಿಡ್ಕೊಂಡು ಕಿಟಕಿ ಹತ್ರ ಕೂತಿರ್ತಿದ್ಲು. ನನ್ನ ತಂಗೀನ ಬರಿಗೈಲಿ ಕಳಿಸ್ಬೇಕಾ?"

ದರ್ಜಿ ಗುಂಡಿಗಳ ನಡುವೆಯೇ ಕುಳಿತುಬಿಟ್ಟ. ದೊಡ್ಡಕ್ಕ ಅದನ್ನು ದುಃಖವೆಂದು ತಿಳಿದು ಅವನ ಬೆನ್ನು ಸವರಿ ಹೊರಗೆ ಹೋದಳು.

*

ಹೆಂಡತಿ ಮೊದಲ ಸಲ ಅವನ ಅಂಗಡಿಗೆ ಬಂದದ್ದು ಕೋಟಿನ ಒಳಗಿನ ಅಸ್ತರಿ ಹೊಲಿಸಿಕೊಳ್ಳಲು. ಅವನು ಅಳತೆ ಬರೆದುಕೊಳ್ಳುತ್ತಿದ್ದರೆ ಅವಳು ಗಾಜಿನ ಬಟ್ಟಲಿನಿಂದ ಒಂದು ಗುಂಡಿ ಎತ್ತಿ ಮುಂದಿನ ಹಲ್ಲಿಗೆ ಟಕ್ಕೆಂದು ತಟ್ಟಿದಳು.

"ಇದನ್ನ ಮೂಳೆ ಗುಂಡಿ ಅಂತ ಕೊಟ್ರಾ ನಿಮಗೆ? ಪ್ಲಾಸ್ಟಿಕ್ಕು. ಚೆನ್ನಾಗಿ ಟೋಪಿ ಹಾಕಿದಾರೆ."

"ಗುಂಡಿ ತಿನ್ನೋ ಗಿರಾಕೀನ ಇವತ್ತೇ ನೋಡಿದ್ದು," ಎಂದ ದರ್ಜಿ.

ಅವಳು ನಕ್ಕಳು. ಆ ನಗುವಿನಿಂದ ಅಸ್ತರಿಯ ಅಳತೆ ತಪ್ಪಿತು. ಕೋಟನ್ನು ಬಿಚ್ಚಿ ಇನ್ನೊಮ್ಮೆ ಹೊಲಿಯಬೇಕಾಯಿತು. ಅವಳು ಇನ್ನೊಮ್ಮೆ ಬರಬೇಕಾಯಿತು. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೂ ಅವನು ಬೇಕೆಂದೇ ಅಳತೆ ತಪ್ಪಿಸಿದ್ದನೋ ಇಲ್ಲವೋ ಎಂಬ ಜಗಳ ತೀರ್ಮಾನವಾಗಿರಲಿಲ್ಲ.

ಅವಳಿಗೆ ಬೀದಿಯ ಕೊನೆಯಲ್ಲಿದ್ದ ಮ್ಯೂಸಿಯಂನಲ್ಲಿ ಕೆಲಸ. ನೆಲದಡಿಯಿಂದ ಬಂದ ಹಳೆಯ ದೇವರುಗಳು, ಬಲಿಪಾತ್ರೆಗಳು, ಮುಖವಾಡಗಳು, ಸತ್ತವರ ಜೊತೆ ಹೂತಿಟ್ಟ ತಾಯಿತಗಳು, ಇವುಗಳ ಕೊಳೆ ತೆಗೆಯುವುದು, ಚೂರುಗಳನ್ನು ಅಂಟಿಸುವುದು. ಅಲ್ಲಿ ಎಲ್ಲರೂ ಅವಳನ್ನು ಅಂಟಕ್ಕ ಎನ್ನುತ್ತಿದ್ದರು. ಕಂಚಿನ ದೇವರಿಗೆ ಬಾಲವಿದ್ದರೂ ಕೋಡಿದ್ದರೂ ಅವಳಿಗೆ ಒಂದೇ. "ನಮ್ಮ ವಾರ್ಡಿಗೆ ಬಂದ್ಮೇಲೆ ಎಲ್ಲರೂ ರೋಗಿಗಳೇ," ಎನ್ನುತ್ತಿದ್ದಳು.

ಮೂಳೆ ಹಳೆಯದೋ ಹೊಸದೋ ಎಂದು ತಿಳಿಯಲು ಅವಳು ಅದನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದಳು. ಮೊದಲ ಸಲ ನೋಡಿದಾಗ ದರ್ಜಿ ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳಲು ಹೋಗಿದ್ದ.

"ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡ್ತೀವಿ ಕಣ್ರೀ. ಸಾವಿರಾರು ವರ್ಷ ಮಣ್ಣಲ್ಲಿ ಬಿದ್ದಿದ್ರೆ ಮೂಳೇಲಿರೋ ಸತ್ವ ಎಲ್ಲ ಹೋಗಿ ಬರೀ ಸಣ್ಣ ಸಣ್ಣ ತೂತು ಉಳಿದಿರುತ್ತೆ. ಒದ್ದೆ ನಾಲಿಗೇನ ಹಿಡ್ಕೊಂಡುಬಿಡುತ್ತೆ. ಹೊಸ ಮೂಳೆ ಹಿಡಿಯಲ್ಲ, ಜಾರುತ್ತೆ."

ಪುಟ್ಟಮ್ಮ ಎಂಬುದು ಅವಳೇ ಇಟ್ಟ ಹೆಸರು. ಅಗಲ ಸೊಂಟ, ಹೊಟ್ಟೆಯ ಮೇಲೆ ಮಡಿಸಿದ ಕೈ, ಬಾಯಿಲ್ಲದ ಮುಖದಲ್ಲಿ ಎರಡು ಉಂಗುರದಂಥ ಕಣ್ಣು. ಯಾವುದೋ ಕಾಲದ ಗೋರಿಯಲ್ಲಿ ಒಬ್ಬ ಹೆಂಗಸಿನ ಬಲಗೈಯಲ್ಲಿ ಸಿಕ್ಕಿದ್ದು. ಮ್ಯೂಸಿಯಂನ ಚೀಟಿಯಲ್ಲಿ ದೇವತೆ ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದ್ದರು. ದೇವತೆಯೋ, ಮಗುವಿನ ಆಟಿಕೆಯೋ, ಹೆರಿಗೆಗೆ ಕಟ್ಟುತ್ತಿದ್ದ ರಕ್ಷೆಯೋ, ಯಾರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆಯ ಗುರುತೆಂದರೆ ಅವಳಿಗೆ ಬಹಳ ಪ್ರೀತಿ.

ಪುಟ್ಟಮ್ಮನನ್ನು ದೂರದ ದೇಶದ ಪ್ರದರ್ಶನವೊಂದಕ್ಕೆ ಕಳಿಸಬೇಕಾಗಿ ಬಂದಾಗ, ಇಲ್ಲಿಯ ಕಪಾಟಿನಲ್ಲಿಡಲು ಒಂದು ನಕಲು ಮಾಡುವ ಕೆಲಸ ಅವಳಿಗೆ ಬಿತ್ತು. ಮ್ಯೂಸಿಯಂನ ವಿದ್ಯುದ್ದೀಪದಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂದು ಅವಳ ತಕರಾರು. ದರ್ಜಿಯ ಕಿಟಕಿಯಲ್ಲಿ ದಿನವಿಡೀ ತಂಪು ಬೆಳಕು. ಹಾಗಾಗಿ ಯಾರಿಗೂ ಹೇಳದೆ ಅಸಲಿಯನ್ನೇ ಮನೆಗೆ ತಂದಳು. ತರಬಾರದಿತ್ತು, ಅದು ಅವಳಿಗೂ ಗೊತ್ತಿತ್ತು. ಕೋಟಿನೊಳಗೆ ಮೆತ್ತನೆಯ ಬಟ್ಟೆಯ ಜೇಬು ಹೊಲಿದುಕೊಟ್ಟವನು ದರ್ಜಿಯೇ. ಹಾಗಾಗಿ ಅವನೂ ಸಾಚಾ ಅಲ್ಲ.

ಹೊಸ ಮೂಳೆಯನ್ನು ಕೆತ್ತಿ, ಚಹಾದಲ್ಲಿ ಕುದಿಸಿ, ಬಟ್ಟೆಯಲ್ಲಿ ಉಜ್ಜಿ, ಸೊಂಟದ ಕೂದಲೆಳೆಯ ಬಿರುಕನ್ನೂ ಬಿಡದೆ ಇಳಿಸಿದಳು. ಇನ್ನು ಗುರುತೊಂದು ಹಾಕಬೇಕಿತ್ತು. ಯಾವ ನಕಲಾದರೂ ಮಾಡಿದವರು ಕೊನೆಯಲ್ಲಿ ತಮ್ಮ ಕೈಯಾರೆ ಅದರ ಅಡಿಯಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಒಂದು ಗೀರು ಹಾಕಬೇಕೆಂಬುದು ಅಲ್ಲಿಯ ನಿಯಮ.

"ಅಷ್ಟು ಸಣ್ಣ ಗುರುತು ಯಾರಿಗೆ ಕಾಣುತ್ತೆ ಬಿಡೆ," ಎಂದಿದ್ದ ದರ್ಜಿ.

"ಇವತ್ತಿನವರಿಗೆ ಬಾಯಲ್ಲಿ ಹೇಳ್ಬಹುದು. ಎಷ್ಟೋ ಸಾವಿರ ವರ್ಷ ಆದ್ಮೇಲೆ ಯಾರೋ ಅಗೀತಾರಲ್ಲ, ಅವರಿಗೆ ಯಾರು ಹೇಳ್ತಾರೆ? ಪಾಪ, ಮೋಸ ಹೋಗ್ಬಾರದು."

ಗುರುತು ಹಾಕುವ ಮೊದಲೇ ಅವಳಿಗೆ ಜ್ವರ ಬಂತು.

*

"ಮ್ಯೂಸಿಯಂನವರು ಬಂದ್ರು," ಎಂದು ದೊಡ್ಡಕ್ಕ ಕೂಗಿದಳು.

ದರ್ಜಿ ಮುಖ ಒರೆಸಿಕೊಂಡು ಹೊರಗೆ ಬಂದ. ಮುಂದೆ ನಿರ್ದೇಶಕಿ, ಎತ್ತರದ ಹೆಂಗಸು, ಕೊರಳಲ್ಲಿ ಬೀಗದ ಕೈಗಳ ಗೊಂಚಲು. ಹಿಂದೆ ಕಾವಲುಗಾರರು, ಟಿಕೆಟ್ ಕೊಡುವವಳು, ಕೊನೆಗೆ ಫೋಟೋದವನು. ಮ್ಯೂಸಿಯಂನ ವಸ್ತುಗಳ ಫೋಟೋ ತೆಗೆಯುವ ಈ ದಢೂತಿ ಆಸಾಮಿ ಅಂಟಕ್ಕನ ಪರಮ ಸ್ನೇಹಿತ. ಇವತ್ತು ಯಾರ ಮುಖವನ್ನೂ ನೋಡದೆ ನೆಲ ನೋಡುತ್ತಿದ್ದ.

ನಿರ್ದೇಶಕಿ ಪೆಟ್ಟಿಗೆಯ ಬಳಿ ಹೋಗಿ ನಿಂತಳು. ದರ್ಜಿಯ ಕಣ್ಣು ಹೆಂಡತಿಯ ಕೈಯ ಮೇಲಿಂದ ಕದಲಲಿಲ್ಲ. ದೊಡ್ಡಕ್ಕ ಬಲಗೈಯ ಬೆರಳುಗಳನ್ನು ಚೆನ್ನಾಗಿಯೇ ಮಡಿಸಿದ್ದಳು. ಆದರೂ ಹೆಬ್ಬೆರಳಿನ ಪಕ್ಕದಿಂದ ಪುಟ್ಟಮ್ಮನ ತಲೆ ಇಣುಕುತ್ತಿತ್ತು, ಒಂದು ಉಂಗುರದ ಕಣ್ಣು ಸಮೇತ.

"ಓ, ನಕಲು ಮುಗಿಸಿದ್ರಾ?" ನಿರ್ದೇಶಕಿ ಬಗ್ಗಿ ನೋಡಿದಳು. "ಎಷ್ಟು ಚೆನ್ನಾಗಿ ಬಂದಿದೆ. ನಾಳೆ ಬೆಳಿಗ್ಗೆ ಅಸಲಿ ಇರೋ ಕ್ರೇಟಿಗೆ ಮೊಳೆ ಹೊಡೀತಾರೆ. ಅದು ಹೊರಡೋದನ್ನ ನೋಡೋಕೆ ಅಂಟಕ್ಕ ಇರ್ಬೇಕಿತ್ತು."

ದರ್ಜಿ ಹೂಂ ಎನ್ನಲು ಹೋದ.

ಫೋಟೋದವನು ಅವನ ತೋಳು ಹಿಡಿದು ಇಸ್ತ್ರಿ ಮೇಜಿನ ಮರೆಗೆ ಎಳೆದ.

"ಅಂಟಕ್ಕ ನನ್ನ ಕೈಗೆ ಕೊಟ್ಟಿದ್ದು ಅಸಲೀನೇ ಅಲ್ವಾ? ಸುಮ್ನೆ ಕೇಳ್ತಿದೀನಿ. ನನಗೆ ನಿದ್ದೆ ಬರ್ತಿಲ್ಲ."

"ಗೊತ್ತಿಲ್ಲ," ಎಂದ ದರ್ಜಿ.

"ಗೊತ್ತಿಲ್ಲ ಅಂದ್ರೆ?"

"ಅವಳಿಗೂ ಗೊತ್ತಿರಲಿಲ್ಲ."

ಫೋಟೋದವನ ಮುಖ ಸುಣ್ಣದಂತಾಯಿತು.

*

ಜ್ವರದ ಆರಂಭದಲ್ಲಿ ಫೋಟೋದವನು ಮನೆಗೆ ಬಂದಿದ್ದ. ಅಸಲಿ ಇಲ್ಲಿದೆಯೆಂದು ಅವಳು ಆಮೇಲೆ ಅವನೊಬ್ಬನಿಗೆ ಮಾತ್ರ ಹೇಳಿದ್ದಳು. ಕ್ರೇಟು ತುಂಬುತ್ತಿದ್ದಾರೆ, ಮೇಡಂ ಕೇಳುತ್ತಿದ್ದಾರೆ, ಅಸಲಿಯನ್ನು ಕೊಡು, ನನ್ನ ಸ್ಟುಡಿಯೋದಲ್ಲಿತ್ತು ಎಂದು ಹೇಳಿ ಇಡುತ್ತೇನೆ ಎಂದ. ಅವಳು ಹಾಸಿಗೆಯಲ್ಲೇ ಎದ್ದು ಕುಳಿತು ಡಬ್ಬದಿಂದ ಎರಡೂ ಬೊಂಬೆಗಳನ್ನು ತೆಗೆದಳು. ಒಂದನ್ನು ನಾಲಿಗೆಗೆ ಮುಟ್ಟಿಸಿದಳು. ಇನ್ನೊಂದನ್ನು ಮುಟ್ಟಿಸಿದಳು. ಎರಡನ್ನೂ ಕೈಯಲ್ಲಿ ತೂಗಿ ನೋಡಿ ಎಡಗೈಯಲ್ಲಿದ್ದುದನ್ನು ಅವನಿಗೆ ಕೊಟ್ಟಳು.

ಆಸ್ಪತ್ರೆಗೆ ಸೇರಿಸಿದ ಮೇಲೆ, ಮಧ್ಯಾಹ್ನದ ಭೇಟಿಯ ಹೊತ್ತಿನಲ್ಲಿ, ಅವಳು ದರ್ಜಿಯ ಅಂಗಿ ಹಿಡಿದು ಹತ್ತಿರ ಎಳೆದಳು.

"ಎರಡೂ ಅಂಟಿದವು ರೀ."

"ಏನು?"

"ಜ್ವರಕ್ಕೆ ನನ್ನ ನಾಲಿಗೆ ಒಣಗಿ ಕಟ್ಟಿಗೆ ಆಗಿತ್ತು. ಒಣ ನಾಲಿಗೆಗೆ ಚಮಚಾನೂ ಅಂಟುತ್ತೆ. ಎರಡೂ ಅಂಟಿದವು. ಗೊತ್ತಾಗ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಅಂದಾಜಲ್ಲಿ ಒಂದು ಕೊಟ್ಟುಬಿಟ್ಟೆ. ಆಮೇಲೆ ನೋಡಿದ್ರಾಯ್ತು ಅಂದ್ಕೊಂಡೆ."

"ಹುಷಾರಾದ್ಮೇಲೆ ನೀನೇ ನೋಡುವಿಯಂತೆ ಬಿಡು."

"ನಕಲು ಅಲ್ಲಿಗೆ ಹೋದ್ರೆ ಅವರು ಒಂದು ಗಳಿಗೇಲಿ ಹಿಡೀತಾರೆ. ಅಂಟಕ್ಕ ಅಸಲೀನ ಮಾರ್ಕೊಂಡು ನಕಲು ಕಳಿಸಿದ್ಲು ಅಂತಾರೆ. ನಾನು ಒಂದು ಚೂರು ಮಡಕೇನೂ ಕದ್ದಿಲ್ಲ ಕಣ್ರೀ. ಮನೆಗೆ ಹೋಗಿ ನೋಡಿ. ಮೊದಲು ನೀರು ಕುಡೀರಿ. ನೀರು ಕುಡಿದು ನೋಡಿ."

ನೋಡುತ್ತೇನೆ ಎಂದು ಅವನು ಮಾತು ಕೊಟ್ಟ. ಆದರೆ ಅವಳ ಪಕ್ಕದಿಂದ ಏಳಲು ಮನಸ್ಸಾಗಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡ. ಅವಳ ಪಾಲಿಗೆ ಆ ನಾಳೆ ಬರಲಿಲ್ಲ.

*

"ಈಗೇನ್ ಮಾಡೋದು?" ಫೋಟೋದವನು ಪಿಸುಗುಟ್ಟಿದ. ಅವನ ಹಣೆಯ ಬೆವರು ಇಸ್ತ್ರಿ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಆ ಕೈಲಿರೋದು ಯಾವುದು ಅಂತ ನೋಡ್ಬೇಕು."

"ಇಷ್ಟು ಜನರ ಮುಂದೆ ಹೆಣದ ಕೈ ಬಿಡಿಸ್ತೀರಾ? ದೊಡ್ಡಕ್ಕ ನಿಮ್ಮನ್ನೂ ಅದೇ ಪೆಟ್ಟಿಗೇಲಿ ಹಾಕ್ತಾರೆ."

ಪೆಟ್ಟಿಗೆ ಮಾಡಿದ ಬಡಗಿ ಮುಚ್ಚಳವನ್ನು ಗೋಡೆಗೆ ಒರಗಿಸಿ ಸ್ಕ್ರೂಗಳನ್ನು ಅಂಗೈಯಲ್ಲಿ ಕುಲುಕುತ್ತ ನಿಂತಿದ್ದ. "ನೋಡೋರೆಲ್ಲ ನೋಡಿದ್ದಾಯ್ತಾ?" ಎಂದು ಕೇಳಿದ. ಅವನು ಸಂಜೆಯೊಳಗೆ ಇನ್ನೊಂದು ಮನೆಗೆ ಹೋಗಬೇಕಿತ್ತು.

ದರ್ಜಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದ. ಅಂಟಿಕೊಂಡಿತು. ಹೆದರಿಕೆಗೆ ಅವನ ಬಾಯಿಯೂ ಒಣಗಿ ಹೋಗಿತ್ತು. ಹೆಂಡತಿ ಮಾಡಿದ ತಪ್ಪನ್ನೇ ತಾನೂ ಮಾಡಲು ಹೊರಟಿದ್ದೇನೆಂದು ಅವನಿಗೆ ಹೊಳೆಯಿತು.

"ದೊಡ್ಡಕ್ಕ, ನೀರು ಕೊಡಿ."

ಲೋಟ ಬಂತು. ಗಟಗಟ ಕುಡಿದ. ನೀರು ಇಳಿದ ಮರುಗಳಿಗೆಯೇ ಬಾಯಿ ಮತ್ತೆ ಒಣಗಿತು.

"ಇನ್ನೊಂದು ಲೋಟ."

"ಪಾಪ, ನಿನ್ನೆಯಿಂದ ಬಾಯಿಗೆ ಏನೂ ಹಾಕ್ಕೊಂಡಿಲ್ಲ," ಎಂದು ಯಾರೋ ಮರುಗಿದರು. ಎರಡನೆಯದೂ ಮುಗಿಯಿತು. ಮೂರನೆಯ ಲೋಟವನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡ. ಕೆನ್ನೆ ಉಬ್ಬಿಸಿಕೊಂಡು ಪೆಟ್ಟಿಗೆಯತ್ತ ನಡೆದ. ಯಾರೋ ಸಮಾಧಾನ ಹೇಳಲು ಅಡ್ಡ ಬಂದರು. ಅವನು ತಲೆಯಾಡಿಸಿ ಪಕ್ಕಕ್ಕೆ ಸರಿದ. ದುಃಖದಲ್ಲಿ ಮಾತೇ ನಿಂತುಹೋಗಿದೆ ಎಂದುಕೊಂಡು ಜನ ದಾರಿ ಬಿಟ್ಟರು.

ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಅವಳ ಕೈ ತಣ್ಣಗಿತ್ತು. ಉಗುರಿನ ಸಂದಿನಲ್ಲಿ ಚಹಾದ ಬಣ್ಣ ಇನ್ನೂ ಹೋಗಿರಲಿಲ್ಲ. ಅದನ್ನು ಕಂಡು ಅವನಿಗೆ ಅಳು ಉಕ್ಕಿ ಬಂತು. ಅತ್ತರೆ ನೀರು ಹೊರಗೆ ಬೀಳುತ್ತದೆ. ಅಳುವನ್ನೂ ನೀರನ್ನೂ ಒಟ್ಟಿಗೆ ನುಂಗಿ, ಮುತ್ತಿಡುವವನಂತೆ ಬಗ್ಗಿ, ಹೆಬ್ಬೆರಳಿನ ಪಕ್ಕ ಇಣುಕುತ್ತಿದ್ದ ತಲೆಗೆ ನಾಲಿಗೆಯ ತುದಿ ಮುಟ್ಟಿಸಿದ.

ಹಿಡಿದುಕೊಂಡಿತು. ತುದಿಯನ್ನು ಯಾರೋ ಮೆಲ್ಲಗೆ ಚಿವುಟಿ ಎಳೆದ ಹಾಗಾಯಿತು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ನೋಡಿದ್ರಾ, ಎಷ್ಟು ಪ್ರೀತಿ," ಎಂದು ಟಿಕೆಟ್ ಕೊಡುವವಳು ಬಿಕ್ಕಿದಳು.

ಫೋಟೋದವನು ಬಂದು ಅವನನ್ನು ಎಬ್ಬಿಸುವ ನೆಪದಲ್ಲಿ ಕಿವಿಗೆ ಬಾಯಿ ಹಾಕಿದ. "ಏನಾಯ್ತು?"

"ಅಸಲಿ."

"ಸತ್ತ್ವಿ ನಾವು!" ಅವನ ಕೈ ದರ್ಜಿಯ ತೋಳನ್ನು ಬಿಗಿಯಾಗಿ ಹಿಡಿಯಿತು. "ಸುಮ್ನೆ ಇರಿ. ಯಾರಿಗೂ ಗೊತ್ತಾಗ್ಬಾರದು. ಮೆತ್ತಗೆ ತೆಗೆದು ನನ್ನ ಜೇಬಿಗೆ ಹಾಕಿ. ಮೇಡಂ ಹತ್ರ ಏನಾದ್ರೂ ಸುಳ್ಳು ಹೇಳಿ ಕೀ ಇಸ್ಕೊಂಡು ಕ್ರೇಟಲ್ಲಿ ಬದಲಾಯಿಸ್ತೀನಿ. ಅಂಟಕ್ಕನ ಹೆಸರಿಗೆ ಮಸಿ ಹತ್ತಲ್ಲ."

"ಕೀ ಕೊಡದೇ ಇದ್ರೆ?"

ಬಡಗಿ ಮುಚ್ಚಳ ಎತ್ತಿಕೊಂಡ. ಇಬ್ಬರು ಕಾವಲುಗಾರರು ಅದರ ಇನ್ನೊಂದು ತುದಿ ಹಿಡಿಯಲು ಬಂದರು. ದರ್ಜಿ ಹೆಂಡತಿಯ ಮುಖ ನೋಡಿದ. ಬದುಕಿನುದ್ದಕ್ಕೂ ತನ್ನ ಕೆಲಸದಡಿ ಚುಕ್ಕೆ ಗೀರು ಹಾಕಿ ಇದು ನಾನು ಮಾಡಿದ್ದು, ಮೋಸ ಹೋಗಬೇಡಿ ಎಂದು ಹೇಳುತ್ತ ಬಂದವಳು. ಅವಳ ಹೆಸರು ಉಳಿಸಲು ಕದ್ದುಮುಚ್ಚಿ ಕೆಲಸ ಮಾಡುವುದಕ್ಕೆ ಅವನಿಗೆ ಮನಸ್ಸು ಒಪ್ಪಲಿಲ್ಲ. ಹೇಳಿದರೆ ಏನಾಗುತ್ತದೋ ಎಂಬ ಭಯ ಮಾತ್ರ ಕಡಿಮೆಯಾಗಲಿಲ್ಲ.

"ಮೇಡಂ," ಎಂದ. "ಅವಳ ಕೈಲಿರೋದು ನಿಮ್ಮದು. ನಿಮ್ಮ ಕ್ರೇಟಲ್ಲಿರೋದು ಅವಳು ಮಾಡಿದ್ದು."

ಫೋಟೋದವನು ಕಣ್ಣು ಮುಚ್ಚಿಕೊಂಡ.

ದರ್ಜಿ ಎಲ್ಲವನ್ನೂ ಹೇಳಿದ. ಕೋಟಿನ ಜೇಬು, ಕಿಟಕಿಯ ಬೆಳಕು, ಜ್ವರ, ಒಣಗಿದ ನಾಲಿಗೆ. ಹೇಳುವಾಗ ಅವನ ಕೈ ಅಳತೆಯ ಟೇಪಿಗಾಗಿ ಕೊರಳನ್ನು ತಡಕುತ್ತಿತ್ತು. ನಿರ್ದೇಶಕಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು.

"ಮನೆಗೆ ತಂದ್ರಾ? ಇಷ್ಟು ವರ್ಷದ ಸರ್ವೀಸಲ್ಲಿ, ಅಂಟಕ್ಕ ಮನೆಗೆ ತಂದ್ರಾ?"

"ಹೌದು."

"ನಕಲು ಹೋಗಿ ಅಲ್ಲಿ ಇಳಿದಿದ್ರೆ ನಮ್ಮ ಮ್ಯೂಸಿಯಂ ಅನ್ನ ಯಾರೂ ಹತ್ರ ಸೇರಿಸ್ತಿರಲಿಲ್ಲ. ನನ್ನನ್ನ, ಇವರನ್ನ, ಎಲ್ಲರನ್ನೂ ಕಳ್ಳರು ಅಂತಿದ್ರು. ಅಂಟಕ್ಕನ್ನ ಮೊದಲು."

"ಅದಕ್ಕೇ ಹೆದರಿ ಹೆದರಿ ಸತ್ಲು, ಮೇಡಂ."

ದೊಡ್ಡಕ್ಕ ನಡುವೆ ನುಗ್ಗಿದಳು. "ಕೈಲಿಟ್ಟಿದ್ದು ನಾನು! ಬೈಯೋದಿದ್ರೆ ನನ್ನ ಬೈರಿ. ನನ್ನ ತಂಗೀನ ಅವಳ ಮನೇಲೇ ಕಳ್ಳಿ ಅನ್ನೋದು ಬೇಡ."

"ಯಾರೂ ಅಂದಿಲ್ಲ ಅಕ್ಕ," ಎಂದಳು ನಿರ್ದೇಶಕಿ. ಕುರ್ಚಿಯೊಂದನ್ನು ಎಳೆದು ಕುಳಿತಳು. ಕೈ ಚಾಚಿ, "ನನಗೂ ಒಂದು ಲೋಟ ನೀರು ಕೊಡಿ," ಎಂದಳು.

ನೀರು ಕುಡಿದು ಎದ್ದು, ಅಂಟಕ್ಕನ ಬೆರಳುಗಳನ್ನು ಒಂದೊಂದಾಗಿ, ಬಹಳ ಮೆಲ್ಲಗೆ ಬಿಡಿಸಿದಳು. ಪುಟ್ಟಮ್ಮನನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದಳು. ತೆರೆದಾಗ ಕಣ್ಣಲ್ಲಿ ನೀರಿತ್ತು. ಕರವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು.

"ಮುಚ್ಚಳ ಹಾಕ್ಬೇಡಿ," ಎಂದು ಬಡಗಿಗೆ ಹೇಳಿ, ಫೋಟೋದವನನ್ನು ಮುಂದಿಟ್ಟುಕೊಂಡು ಹೊರಟುಹೋದಳು.

"ಪೊಲೀಸರನ್ನ ಕರೀತಾರಾ?" ದೊಡ್ಡಕ್ಕ ಕೇಳಿದಳು. ದರ್ಜಿ ಹೆಂಡತಿಯ ಖಾಲಿಯಾದ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕುಳಿತ. ಬಡಗಿ ಒಮ್ಮೆ ಗಡಿಯಾರ ನೋಡಿದ. ದೊಡ್ಡಕ್ಕ ಅವನನ್ನು ನೋಡಿದಳು. ಅವನು ಮತ್ತೆ ಗಡಿಯಾರ ನೋಡಲಿಲ್ಲ. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಎಲ್ಲರೂ ಬಾಗಿಲತ್ತ ತಿರುಗುತ್ತಿದ್ದರು.

ಕೊನೆಗೆ ಫೋಟೋದವನು ಏದುಸಿರು ಬಿಡುತ್ತ ಒಳಗೆ ಬಂದ. ಹಿಂದೆ ನಿರ್ದೇಶಕಿ. ಅದೇ ಕರವಸ್ತ್ರ ಅವಳ ಕೈಯಲ್ಲಿತ್ತು.

"ಬದಲಾಯಿಸಿದ್ವಿ. ಅಸಲಿ ಈಗ ಕ್ರೇಟಲ್ಲಿದೆ," ಎಂದಳು. "ಇದು ಜಾರುತ್ತೆ. ನಾನೂ ನೋಡಿದೆ, ಇವರೂ ನೋಡಿದ್ರು."

ದರ್ಜಿ ಹೆಂಡತಿಯ ಕೈ ಬಿಟ್ಟು ಎದ್ದುನಿಂತ.

"ಇನ್ನು ಇದನ್ನ ಕಪಾಟಲ್ಲಿ ಇಡ್ತೀರಾ?"

"ಇಡೋ ಹಾಗಿಲ್ಲ. ಗುರುತಿಲ್ಲದ ನಕಲನ್ನ ನಾವು ಇಟ್ಕೋಬಾರದು. ಗುರುತು ಮಾಡಿದವರೇ ಹಾಕ್ಬೇಕು, ಬೇರೆಯವರು ಹಾಕೋ ಹಾಗಿಲ್ಲ. ನಿಯಮ ನಿಯಮಾನೇ." ಅವಳ ದನಿ ಒರಟಾಗಿಯೇ ಇತ್ತು. "ಕಪಾಟು ಖಾಲಿ ಇರಲಿ. ಬಂದವರು ಕೇಳ್ಲಿ. ತಗೊಳ್ಳಿ."

ದರ್ಜಿ ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟ. ಬೆರಳು ಮಡಿಸಲು ಹೋದವನು ಹಾಗೇ ನಿಂತ. ಬಡಗಿ ಮುಚ್ಚಳ ಎತ್ತಿದ.

"ಒಂದು ನಿಮಿಷ," ಎಂದ ದರ್ಜಿ.

ಕೊರಳಪಟ್ಟಿಯ ಹಿಂದೆ ಕೈ ಹಾಕಿ, ಅಲ್ಲಿ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ತೆಗೆದ. ಅವಳ ಹೆಬ್ಬೆರಳು ತೋರುಬೆರಳುಗಳ ನಡುವೆ ಪುಟ್ಟಮ್ಮನನ್ನು ತಲೆಕೆಳಗಾಗಿ ಹಿಡಿಸಿ, ಅವಳ ಕೈಯನ್ನು ತನ್ನ ಎಡಗೈಯಲ್ಲಿ ಆನಿಸಿಕೊಂಡ. ನಿರ್ದೇಶಕಿ ಏನೋ ಹೇಳಲು ಬಾಯಿ ತೆರೆದು, ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಏನ್ ಮಾಡ್ತಿದೀರಿ?" ದೊಡ್ಡಕ್ಕ ಕೇಳಿದಳು.

"ಮುಂದೆ ಯಾರಾದ್ರೂ ಅಗೀತಾರಲ್ಲ," ಎಂದ ದರ್ಜಿ.

ಮೂಳೆ ಗಟ್ಟಿಯಾಗಿತ್ತು. ಸೂಜಿಯನ್ನು ಒತ್ತಿ ತಿರುಗಿಸಿ ತಿರುಗಿಸಿ ಒಂದು ಚುಕ್ಕೆ ಮಾಡಿದ. ಅದರ ಪಕ್ಕದಲ್ಲಿ ಒಂದು ಗೀರು ಎಳೆದ. ಅವಳ ಬಟ್ಟೆಯ ತೋಳಿನ ಮೇಲೆ ಬಿಳಿಯ ಪುಡಿ ಒಂದಿಷ್ಟು ಉದುರಿತು. ಅವನು ಅದನ್ನು ಒರೆಸದೆ ಅವಳ ಬೆರಳುಗಳನ್ನು ಮಡಿಸಿದ.